ಊಟದ ತಟ್ಟೆಯಲ್ಲಿ ಸುತ್ತಿದ ಸಂಖ್ಯೆ

ನನ್ನ ಮೊಮ್ಮಗಳಿಗೆ ಗಣಿತದಲ್ಲಿ ಮೊದಲ ಬಹುಮಾನ ಬಂತು! ಮೂಡುಬಿದಿರೆಯ ಪ್ರದರ್ಶನದಲ್ಲಿ, ಅಷ್ಟೊಂದು ಶಾಲೆಗಳ ಮಕ್ಕಳ ನಡುವೆ! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಜ್ಜಿ ನಾನು, ಅವಳ ಬಾಯಲ್ಲಿ ಉಮ್ಮಾಮ, ವಾಮದಪದವಿನ ಅಂಗಡಿ ಅಂಗಡಿಗೂ ಹೇಳಿ ಬಂದೆ. ಮೀನಿನವನಿಗೆ ಎರಡು ಸಲ ಹೇಳಿದೆನಂತೆ.

ಅವಳು ತೋರಿಸಬೇಕಿದ್ದದ್ದು ಒಂದು ದೊಡ್ಡ ಸಂಖ್ಯೆಯ ಆಟ: 142857. ಥರ್ಮಾಕೋಲಿನ ಚಕ್ರದ ಸುತ್ತ ಆ ಆರು ಅಂಕೆಗಳನ್ನು ಬರೆದಿದ್ದಳು. ಎರಡರಿಂದ ಗುಣಿಸಿ, ಮೂರರಿಂದ ಗುಣಿಸಿ, ಆರರ ತನಕ ಯಾವುದರಿಂದಲೂ ಗುಣಿಸಿ, ಅವೇ ಅಂಕೆಗಳು ಅದೇ ಸಾಲಿನಲ್ಲಿ ಸುತ್ತಿ ಬರುತ್ತವೆ. ಶುರುವಾಗುವ ಜಾಗ ಮಾತ್ರ ಬೇರೆ. ಎರಡರಿಂದಾದರೆ 285714. ನೋಡಿ ನನಗೇ ತಲೆ ತಿರುಗಿತ್ತು!

ಹೋಗುವಾಗ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ದೇ ತಡ, ಯಾರದೋ ಹಲಸಿನಹಣ್ಣು ಉರುಳಿ ಬಂದು ಅವಳ ಚಕ್ರದ ಮೇಲೆ ಕೂತಿತು. ಚಕ್ರ ಪುಡಿಪುಡಿ. ಮೊದಲೇ ಹೊರಗಿನವರ ಎದುರು ಬಾಯಿ ಬಿಡದ ಹುಡುಗಿ ಅವಳು.

"ಉಮ್ಮಾಮ, ವಾಪಸ್ ಹೋಗುವ. ನನ್ನಿಂದ ಆಗುವುದಿಲ್ಲ."

ನನ್ನ ಚೀಲದಲ್ಲಿ ತಂಗಿಯ ದೊಡ್ಡ ತಟ್ಟೆಯಿತ್ತು. ಎಲ್ಲರೂ ಸುತ್ತ ಕೂತು ಒಟ್ಟಿಗೆ ಉಣ್ಣುವಂಥದ್ದು, ಹಬ್ಬಕ್ಕೆಂದು ಕೇಳಿ ತಂದಿದ್ದೆ. ಪ್ರದರ್ಶನ ಮುಗಿಸಿ ಬೆಳುವಾಯಿಯ ಅವಳ ಮನೆಗೆ ಹೋಗಿ ವಾಪಸ್ ಕೊಟ್ಟುಬರುವ ಲೆಕ್ಕಾಚಾರ.

"ಇದರಲ್ಲಿ ಬರಿ ಮೋಳೇ. ಇದೂ ಚಕ್ರದ ಹಾಗೆ ಉರುಟೇ ಅಲ್ವಾ?"

"ಬೆಳುವಾಯಿ ಉಮ್ಮಾಮ ಬೈತಾರೆ!"

"ಬೈಗುಳ ನನಗೆ, ಬಹುಮಾನ ನಿನಗೆ. ಬರಿ!"

ಮಾರ್ಕರಿನಲ್ಲಿ ಬರೆದಳು. ಪ್ರದರ್ಶನದಲ್ಲಿ ತೀರ್ಪುಗಾರ ಮೇಷ್ಟ್ರು ಬಂದು, "ಐದರಿಂದ ಗುಣಿಸಿದರೆ?" ಎಂದರು. ಅವಳು ತಟ್ಟೆ ತಿರುಗಿಸಿ ಏಳನ್ನು ಎದುರಿಗೆ ತಂದು, "714285" ಎಂದಳು. ಅವರು ಮೊಬೈಲು ಒತ್ತಿ ನೋಡಿ ನಕ್ಕರು.

"ಊಟದ ತಟ್ಟೆ ಯಾಕಮ್ಮಾ?"

ಇವಳು ಬಾಯಿ ಬಿಟ್ಟಾಳೇ?

"ನಮ್ಮಲ್ಲಿ ಒಂದೇ ತಟ್ಟೆಯ ಸುತ್ತ ಕೂತು ಊಟ ಸರ್. ಅವರವರು ಅವರವರ ಎದುರಿನಿಂದ ಶುರು ಮಾಡ್ತಾರೆ. ಅನ್ನ ಮಾತ್ರ ಅದೇ."

ನಾನು ಚಪ್ಪಾಳೆ ತಟ್ಟಿಬಿಟ್ಟೆ! ಎಲ್ಲರೂ ತಿರುಗಿ ನೋಡಿದರು. ನೋಡಲಿ!

ಮತ್ತೆ ಬೆಳುವಾಯಿಗೆ ಹೋಗುವ ನೆನಪು ಯಾರಿಗಿತ್ತು? ಕುಣಿಯುತ್ತಾ ಸೀದಾ ಮನೆಗೇ ಬಂದೆವು. ತಂಗಿಯ ಫೋನ್ ಬಂತು.

"ತಟ್ಟೆ ಎಲ್ಲಿ ಮಾರಾಯ್ತಿ?"

"ಅದಕ್ಕೆ ಬಹುಮಾನ ಬಂದದೆ. ನೀನೇ ಬಾ!"

ಸಂಜೆ ಅದೇ ತಟ್ಟೆಗೆ ತುಪ್ಪದನ್ನ, ಕೋಳಿ ಗಸಿ ಬಡಿಸಿದೆವು. ನಾನು, ಗಂಡ, ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ಆರು ಜನ ಕೂತಾಗ ತಂಗಿ ಬಾಗಿಲಿಗೆ ಬಂದಳು. ಎಷ್ಟು ತಿಕ್ಕಿದರೂ ಹೋಗದ ಅಂಕೆಗಳು ತಟ್ಟೆಯ ಅಂಚಿನಲ್ಲಿ ಕಂಡವು.

"ಹಾಳು ಮಾಡಿದಿರಿ ನನ್ನ ತಟ್ಟೆಯನ್ನು! ಜಾಗವಾದರೂ ಉಂಟಾ ನನಗೆ?"

"ಬನ್ನಿ ಉಮ್ಮಾಮ," ಎಂದು ಮೊಮ್ಮಗಳು ಸರಿದು ಕೂತಳು. "ಈ ಸಂಖ್ಯೆಯನ್ನು ಏಳರಿಂದ ಗುಣಿಸಿದರೆ 999999. ಏಳನೆಯವರು ಬಂದರೆ ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ!"

ತಂಗಿ ನಗುತ್ತಾ ಕೂತು, ತನ್ನ ಎದುರಿನಿಂದ ಮೊದಲ ತುತ್ತು ತೆಗೆದಳು. ನಾವೂ ಕೈ ಹಾಕಿದೆವು.