ಗ್ಯಾನಮ್ಮನ ಕೈಗೆ ಬಂದ ಚೆಕ್ಕು

ಸಿಂಧನೂರಿನಿಂದ ದಢೇಸುಗೂರಿನ ಕಡೆ ಹೋಗುವಾಗ ಸಿಗುವ ಒಂದು ಊರಲ್ಲಿ, ಕಾಲುವೆಯ ಕೆಳಗೆ, ಗ್ಯಾನಮ್ಮನ ಮೂರೆಕರೆ ಗದ್ದೆ. ಗಂಡ ಲಿಂಗಸುಗೂರಿನಲ್ಲಿ ಮತ್ತೊಬ್ಬಳ ಜೊತೆ ಮನೆ ಮಾಡಿದ ಮೇಲೆ ಅಪ್ಪ ಅದನ್ನು ಮಗಳ ಹೆಸರಿಗೆ ಬರೆದಿದ್ದ. ನಾಟಿ, ಕಳೆ, ನೀರು, ಔಷಧ ಎಲ್ಲ ಅವಳದೇ. ಊರಿನವರ ಪಾಲಿಗೆ ಮಾತ್ರ ಅವಳು ರೈತಳಲ್ಲ, ಗಂಡ ಬಿಟ್ಟವಳು.

ಸೊಸೈಟಿಯಲ್ಲಿ ಬೆಳೆಸಾಲ ತೆಗೆದವರಿಗಷ್ಟೇ ಆಗ ಬೆಳೆ ವಿಮೆ. ಎಂಬತ್ತೊಂಬತ್ತರ ಮುಂಗಾರಿಗೆ ಅವಳು ಪಹಣಿ ಹಿಡಿದು ಹೋದಳು. ಅಧ್ಯಕ್ಷ ಅಮರಗುಂಡಪ್ಪನವರು ಕುರ್ಚಿಗೆ ಟರ್ಕಿ ಟವೆಲು ಹೊದಿಸಿದ ದಿನದಿಂದ, ಎದುರು ನಿಂತವರ ಮುಖ ನೋಡುವುದನ್ನು ಬಿಟ್ಟಿದ್ದರು.

“ಗಂಡಸರದೊಂದು ಸಹಿ ಬೇಕವ್ವ.”

“ಹೊಲ ನಂದೈತ್ರಿ.”

“ಹೊಲ ನಿಂದ, ಯಾರಿಲ್ಲಂದ್ರು? ಜವಾಬ್ದಾರಿ ಗಂಡಸರದಲ್ಲೇನು?”

ಆ ವರ್ಷ ಜಿಗಿಹುಳ ಬಿದ್ದು ನೆಲ್ಲು ಸುಟ್ಟಂತಾಯಿತು. ನಷ್ಟ ಅಳೆಯಲು, ವಿಮೆ ಇದ್ದವರು ಇಲ್ಲದವರು ಎನ್ನದೆ, ಚೀಟಿ ಎತ್ತಿ ಆರಿಸಿದ ಗದ್ದೆಗಳಲ್ಲಿ ಗ್ಯಾನಮ್ಮನದೂ ಬಂತು. ತಾಲೂಕಿನವರು ಐದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿದರು. ಅವಳು ಕೊಯ್ದಳು, ಬಡಿದಳು, ತೂರಿದಳು. ಒಂದು ಮೊರವೂ ತುಂಬಲಿಲ್ಲ. ಬದುವಿನ ಮೇಲೆ ಬೀಡಿ ಸೇದುತ್ತಿದ್ದ ಐದು ಗಂಡಸರು, ದಣಿವಾರಿಸಿಕೊಂಡು, ಪಂಚನಾಮೆಗೆ ಸಹಿ ಹಾಕಿದರು. ಅಂಥ ತೂಕಗಳ ಮೇಲೆ ಸಾಲಗಾರರಿಗೆಲ್ಲ ಪರಿಹಾರ ಬಂತು. ಅವಳಿಗಿಲ್ಲ.

ಚೆಕ್ಕು ಹಂಚುವ ದಿನ, “ಹೆಣ್ಮಕ್ಕಳೊಬ್ರು ಇದ್ರ ಫೋಟೋ ಚಲೋ ಬರ್ತೈತ್ರಿ” ಎಂದ ಪೇಪರಿನವನು. ತನಗೇಕಿಲ್ಲ ಎಂದು ವಿಚಾರಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಗ್ಯಾನಮ್ಮನನ್ನು ಅಮರಗುಂಡಪ್ಪನವರೇ ಕೈ ಹಿಡಿದು ಎಳೆತಂದರು. ರೈತ ಪಂಪಣ್ಣನ ಚೆಕ್ಕು ಅವಳ ಕೈಗಿಟ್ಟರು.

“ಸ್ವಲ್ಪ ನಗಬೇ!” ಎಂದ ಪೇಪರಿನವನು.

ಕ್ಯಾಮೆರಾ ಮಿಂಚಿತು. ಪಂಪಣ್ಣ ಚೆಕ್ಕು ಕಿತ್ತುಕೊಂಡ. “ಬೆವರು ಹತ್ತೀತು, ತಾ ಇಲ್ಲಿ.”

‘ವಿಮೆ ಪಡೆದ ರೈತ ಮಹಿಳೆ’ ಎಂದು ಅಚ್ಚಾಯಿತು. ಮರುವರ್ಷ ಅವಳು ಆ ಪೇಪರನ್ನೇ ಹಿಡಿದು ಸೊಸೈಟಿಗೆ ಹೋದಳು.

“ಪೇಪರ್‌ನಾಗ ಬಂದೈತ್ರಿ. ಈಗರ ಹೆಸರು ಬರಕೋರಿ.”

“ಗಂಡಸರ ಸಹಿ?”

“ಫೋಟೋದಾಗ ಬಾಜೂಕ ನೀವ ನಿಂತೀರಲ್ರಿ. ನೀವ ಹಾಕ್ರಿ.”

ಅಧ್ಯಕ್ಷರು ಮೈಮೇಲೆ ಹಲ್ಲಿ ಬಿದ್ದಂತೆ ಎದ್ದರು. “ಮಂದಿ ಹೆಣ್ಮಗಳಿಗಿ ನಾ ಸಹಿ ಹಾಕಿದ್ರ ಊರಾಗ ಏನಂದಾರು? ನನಗೂ ಮರ್ಯಾದಿ ಐತಿ!”

“ಅವತ್ತು ಕೈ ಹಿಡಿದು ಎಳಿಯೂಮುಂದ ಅದು ಎಲ್ಲಿ ಹೋಗಿತ್ರಿ?”

ಅಧ್ಯಕ್ಷರು ಕುರ್ಚಿಯ ಟವೆಲು ಸರಿಮಾಡತೊಡಗಿದರು. “ಥೂ” ಎಂದು ಸೊಸೈಟಿಯ ಕಟ್ಟೆಗೆ ಉಗುಳಿ ಗ್ಯಾನಮ್ಮ ನಾಟಿಗೆ ಹೋದಳು, ಆ ವರ್ಷವೂ ವಿಮೆಯಿಲ್ಲದ ಗದ್ದೆಗೆ.

ಕಟ್ಟೆ ತೊಳೆಯಲು ಅಧ್ಯಕ್ಷರು ಇನ್ನೊಬ್ಬ ಹೆಂಗಸನ್ನು ಕರೆಸಿದರು. ಅವಳನ್ನು ಯಾರೂ ಗಂಡಸರ ಸಹಿ ಕೇಳಲಿಲ್ಲ.