ಖಾದರ್ ಮನೆಯ ನಡುಕೋಣೆಯ ಪ್ಲಗ್

ಮೂರು ವರ್ಷದ ಹಿಂದಿನ ಬೇಸಿಗೆ. ಟೆಲಿಫೋನ್ ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಚಿತ್ರದುರ್ಗದಲ್ಲಿ ಮನೆಗಳಿಗೆ ವೈಫೈ ಹಾಕಿಕೊಡುತ್ತಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಸೇರಿಸಿ ನಾನು ಹತ್ತದ ಕಂಬವಿಲ್ಲ. ನನ್ನ ಕೀಟಲೆಗೆ ಸಿಕ್ಕದ ಗಿರಾಕಿಯೂ ಇಲ್ಲ. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ, ರೂಟರ್ ಮುಂದೆ ಕೂಗಾಡಿದರೆ ನೆಟ್ ನಿಧಾನವಾಗುತ್ತದೆ ಎಂದು ಹೇಳಿ ಬಂದಿದ್ದೆ. ಒಂದು ವಾರ ಅವರು ಮನೆಯಲ್ಲಿ ಪಿಸುಗುಟ್ಟಿಕೊಂಡೇ ಓಡಾಡಿದರಂತೆ. ಆ ವಾರದ ನೆಮ್ಮದಿಗಾಗಿ ಅವರ ಹೆಂಡತಿ ಈಗಲೂ ನನಗೆ ಕೈಮುಗಿಯುತ್ತಾರೆ.

ಅಂಥ ನನ್ನನ್ನು ಒಂದು ಮಧ್ಯಾಹ್ನ ಕೋಟೆ ಕೆಳಗಿನ ಓಣಿಗೆ ರಹಮತ್ ಕರೆಸಿದ. ಅವನ ಭಾವ, ಸ್ಟವ್ ರಿಪೇರಿಯ ಖಾದರ್, ನನ್ನ ಹಳೇ ಗೆಳೆಯ, ತೀರಿಕೊಂಡು ತಿಂಗಳಾಗಿತ್ತು. ಖಾದರ್ ಹೆಂಡತಿ ಷಮೀಮ್ ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೆಂಡತಿ ಮನೆ ಬಿಟ್ಟು ಹೊರಡದೆ, ಪರಗಂಡಸರ ಎದುರು ಬಾರದೆ ಇರುವ ಪದ್ಧತಿ ಅದು. ಅಂದು ಬೆಳಿಗ್ಗೆಯೇ ಅವರ ಮಗಳನ್ನು ಚೊಚ್ಚಲ ಹೆರಿಗೆಗೆಂದು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ತಾಯಿ ಹೋಗುವಂತಿಲ್ಲ. ಇನ್ನು ಮೂರು ತಿಂಗಳು ಮೊಮ್ಮಗುವನ್ನು ವಿಡಿಯೋ ಕಾಲ್‌ನಲ್ಲೇ ನೋಡಬೇಕು. ರೂಟರ್ ಇದ್ದದ್ದು ಹಜಾರದಲ್ಲಿ. ಅಲ್ಲಿ ಮಾತಾಡಿಸಲು ಬಂದ ಗಂಡಸರು. ದಿನವೂ ಅವರನ್ನು ಎಬ್ಬಿಸಿ ಕಳಿಸಲಾಗದು. ಷಮೀಮ್ ಕೂತ ಒಳಕೋಣೆಗೆ ವೈಫೈಯೂ ಇಲ್ಲ, ಮೊಬೈಲ್ ನೆಟ್‌ವರ್ಕೂ ಇಲ್ಲ. ಗೋಡೆಗಳು ಹಳೇ ಕಾಲದ ದಪ್ಪ ಕಲ್ಲಿನವು.

“ಮಾಮ, ರಿಪೀಟರ್ ತಂದು ಒಳಗಿನ ರೂಮ್‌ನಾಗೆ ಹಾಕೀನಿ. ಕಡ್ಡಿ ಎಲ್ಲಾ ತುಂಬೈತೆ, ನೆಟ್ ಮಾತ್ರ ಬರವಲ್ದು,” ಎಂದ ರಹಮತ್.

“ಒಣಗಿದ ಬಾವಿಗೆ ಹೊಸಾ ಮೋಟ್ರು ಇಳಿಸಿದಂಗಾತು ಕಣಪ್ಪ.”

ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

ರಿಪೀಟರ್ ತಾನಾಗಿ ನೆಟ್ ಹುಟ್ಟಿಸುವುದಿಲ್ಲ. ತನಗೆ ಬಂದ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುತ್ತದೆ, ಅಷ್ಟೇ. ಒಳಕೋಣೆಯಲ್ಲಿ ಅದಕ್ಕೇ ಏನೂ ಸಿಗುತ್ತಿರಲಿಲ್ಲ. ಫೋನಿನಲ್ಲಿ ಕಾಣುತ್ತಿದ್ದ ಕಡ್ಡಿಗಳು ಫೋನು ಮತ್ತು ರಿಪೀಟರ್ ನಡುವಿನವು ಮಾತ್ರ. ನನ್ನ ಮೊಬೈಲ್ ಹಿಡಿದು ಹಜಾರದಿಂದ ಹೆಜ್ಜೆ ಹೆಜ್ಜೆಯಾಗಿ ಒಳಗೆ ಬಂದೆ. ಬಂದವರು ಓಡಾಡುವ ನಡುಕೋಣೆಯಲ್ಲಿ ಅರ್ಧ ಸಿಗ್ನಲ್ ಇತ್ತು. ಅಲ್ಲಿಂದ ಒಳಕೋಣೆಯ ಬಾಗಿಲು ನೇರ. ಅಡ್ಡ ಇದ್ದದ್ದು ಪರದೆಯೊಂದೇ. ಜಾಗ ಅದೇ.

ಆ ಕೋಣೆಗೆಲ್ಲ ಇದ್ದದ್ದು ಒಂದೇ ಪ್ಲಗ್. ಅದರಲ್ಲಿ ಒಂದು ಫೋನು ಚಾರ್ಜ್ ಆಗುತ್ತಿತ್ತು.

“ಭಾವಂದು,” ರಹಮತ್ ದನಿ ತಗ್ಗಿಸಿದ. “ತೀರ್ಕಂಡ ದಿನ ಅವ್ರು ಹಾಕಿದ್ದು ಹಂಗೇ ಐತೆ. ಅಕ್ಕ ಯಾರ್ಗೂ ಮುಟ್ಟಾಕೆ ಬಿಟ್ಟಿಲ್ಲ.”

ಗೋಡೆ ಕೊರೆದು ಕೇಬಲ್ ಎಳೆಯಲು ಇಡೀ ದಿನ ಬೇಕು. ಚೀಲದಿಂದ ಮೂರು ಪ್ಲಗ್ ಒಟ್ಟಿಗೆ ಹಾಕಬಹುದಾದ ತ್ರೀ-ವೇ ತೆಗೆದೆ.

“ತಂಗಿ,” ಎಂದೆ ಪರದೆಗೆ. “ಖಾದರ್ ಫೋನ್ ಒಂದು ಗಳಿಗೆ ತೆಗೆದು, ಇದನ್ನ ಹಾಕಿ, ಮತ್ತೆ ಹಂಗೇ ಸಿಗಿಸ್ತೀನಿ. ಎರಡೂ ಇರ್ತಾವೆ.”

“ತೆಗೀಬೇಡ್ರಿ ಅಣ್ಣ.”

ಬೇರೆ ಮನೆಯಾಗಿದ್ದರೆ ಏನಾದರೊಂದು ಸುಳ್ಳು ಕಟ್ಟಿ ಒಪ್ಪಿಸುತ್ತಿದ್ದೆ. ಅದರಲ್ಲಿ ನಾನು ನಿಸ್ಸೀಮ. ಅಂದು ಕಟ್ಟಲಿಲ್ಲ. ತ್ರೀ-ವೇ ಕೈಯಲ್ಲಿ ಹಿಡಿದು ಪ್ಲಗ್‌ನಿಂದ ಹಿಂದೆ ಸರಿದೆ.

ಹಜಾರದಲ್ಲಿ ರಹಮತ್‌ನ ಫೋನ್ ಬಡಿದುಕೊಂಡಿತು. ಮಾತಾಡಿ ಬಂದು, “ಹೆಣ್ಣು ಕೂಸು ಅಕ್ಕ. ಇಬ್ರೂ ಚೆನ್ನಾಗವ್ರೆ. ಇನ್ನೊಂಚೂರು ಹೊತ್ತಿಗೆ ವಿಡಿಯೋ ಮಾಡ್ತಾರಂತೆ,” ಎಂದ.

ಒಳಗಿನಿಂದ ಷಮೀಮ್ ಹೇಳಿದರು, “ಅಣ್ಣ, ಆ ತ್ರೀ-ವೇ ಅಲ್ಲೇ ಇಟ್ಟು ಸ್ವಲ್ಪ ಹೊರಗೆ ನಿಂತ್ಕಳ್ರಿ.”

ಕಿಟಕಿ ಮೇಲೆ ಅದನ್ನಿಟ್ಟು ಹಜಾರಕ್ಕೆ ಹೋದೆ. ಪರದೆಯ ರಿಂಗುಗಳು ಕಂಬಿಯ ಮೇಲೆ ಸರಿದ ಸದ್ದು ಕೇಳಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ ಕೇಳಿತು.

“ಬರ್ರಿ.”

ಗೋಡೆಯಲ್ಲಿ ತ್ರೀ-ವೇ ಕೂತಿತ್ತು. ಮೂರೂ ಕಡೆ ಖಾಲಿ. ಖಾದರ್ ಫೋನೂ ಇಲ್ಲ, ಚಾರ್ಜರೂ ಇಲ್ಲ. ರಹಮತ್ ಒಳಗಿನಿಂದ ತಂದ ರಿಪೀಟರನ್ನು ಅಲ್ಲಿ ಹಾಕಿದೆ. ಹಸಿರು ದೀಪ ಹತ್ತಿತು.

ಒಳಕೋಣೆಯಲ್ಲಿ ಷಮೀಮ್ ಫೋನಿಗೆ ವಿಡಿಯೋ ಕರೆ ಬಂತು. ಪರದೆಯ ಆಚೆಯಿಂದ ಎಳೆಗೂಸಿನ ಅಳು ತಡೆಯಿಲ್ಲದೆ ಕೇಳಿಸಿತು.

“ಕಾಣ್ತೈತಾ ತಂಗಿ?”

“ಕಾಣ್ತೈತೆ.”

ಕೆಲಸ ಕೇಳುವ ಹುಡುಗರಿಗೆ ಈಗಲೂ ಹೇಳುತ್ತೇನೆ: ಸಿಗ್ನಲ್ ಇಲ್ಲದ ಕೋಣೆಯಲ್ಲಿ ರಿಪೀಟರ್ ಇಡಬೇಡಿ, ಅರ್ಧವಾದರೂ ಬರುವ ಕಡೆ ಇಡಿ. ಆ ಜಾಗ ಹುಡುಕುವುದು ನಮ್ಮ ಕೆಲಸ. ಅಲ್ಲಿ ಮೊದಲೇ ಇರುವುದನ್ನು ತೆಗೆಯುವುದು ಮನೆಯವರ ಕೆಲಸ. ಅಷ್ಟು ಹೊತ್ತು ಹೊರಗೆ ನಿಂತಿರಬೇಕು, ಬಾಯಿ ಮುಚ್ಚಿಕೊಂಡು.