ಕೋವಿಯ ಮರಕ್ಕೆ ಅಂಟು ಹಾಕಿದ್ದು

ಕೋವಿಗೆ ಏನೂ ಆಗಿರಲಿಲ್ಲ. ನಮ್ಮ ಮನೆಯವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಈ ಮಾತು ಬಾಯಿಂದ ಬರಬಾರದೆಂದು ನಾವು ಪಟ್ಟ ಪಾಡು.

ಗೋಣಿಬೀಡಿನಿಂದ ಒಳಗೆ ನಮ್ಮದು ಸಣ್ಣ ಕಾಫಿ ತೋಟ, ಕೆಳಗೆ ಗದ್ದೆ. ಗದ್ದೆಗೆ ಇಳಿಯುವ ಹಂದಿಗಳನ್ನು ಹೆದರಿಸಲು ಮಾವನ ಕಾಲದ ರೈಫಲ್ ಒಂದಿತ್ತು. ಲೈಸೆನ್ಸ್ ಇವರ ಹೆಸರಿನಲ್ಲಿ. ಊರಿಗೆ ಇನ್ನೂ ಮೊಬೈಲ್ ಬಂದಿರಲಿಲ್ಲ. ಆ ವರ್ಷ ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ಸಂಜೆ ಇವರು ಗದ್ದೆಯ ಅಂಚಿಗೆಂದು ಹೊಡೆದ ಗುಂಡು ಕೆಲಸದವರ ಮನೆಗಳಿರುವ ಕೂಲಿ ಲೈನಿನ ನಲ್ಲಿಯ ಹತ್ತಿರ ಹೋಯಿತು. ಅಲ್ಲಿ ಒಬ್ಬ ಹೆಂಗಸು ತುಂಬಿದ ಕೊಡ ಕೆಳಗಿಟ್ಟು ಸಿಂಬಿ ಸುತ್ತಿಕೊಳ್ಳುತ್ತಿದ್ದಳಂತೆ. ಗುಂಡು ಕೊಡದ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಟಿತು.

ಆ ಕೊಡವನ್ನು ಅವಳು ತಂದು ಅಂಗಳದಲ್ಲಿಟ್ಟಳು. "ಅಮ್ಮಾ, ಇದ್ರಲ್ಲಿ ಇನ್ನು ನೀರು ನಿಲ್ಲಲ್ಲ" ಎಂದಳು, ಅಷ್ಟೇ. ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಹೊಸ ಕೊಡ ಕೊಟ್ಟು ಕಳಿಸಿದೆವು.

ನಳಿಗೆ ಕೂರುವ ಕೋವಿಯ ಮರ ಮಳೆಗೆ ಉಬ್ಬಿದೆ, ಅದಕ್ಕೇ ಗುಂಡು ಅಡ್ಡ ಹೋಯಿತು ಎಂದರು ಇವರು. ನಮ್ಮ ಕಡೆ ಆ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಮಳೆಗಾಲದಲ್ಲಿ ಕದ ಮುಚ್ಚಲು ಬರುವುದಿಲ್ಲ, ಮೇಜಿನ ಡ್ರಾಯರ್ ಎಳೆಯಲು ಬರುವುದಿಲ್ಲ. ಕೋವಿಯ ಮರವೂ ಉಬ್ಬಿ ನಳಿಗೆಯ ಕಬ್ಬಿಣವನ್ನು ಒತ್ತುತ್ತದೆ, ಅದು ಸುಳ್ಳಲ್ಲ. ಮಳೆಯ ಮೇಲೆ ತಪ್ಪು ಹೊರಿಸಿದರೆ ಇಲ್ಲಿ ಸಾಕ್ಷಿ ಕೇಳುವವರಿಲ್ಲ.

ಇವರ ಚಿಕ್ಕಪ್ಪನ ಮಗ, ನನಗೆ ಮೈದುನ, ಮಿಲಿಟರಿಯಲ್ಲಿ ಕೋವಿ ರಿಪೇರಿ ಮಾಡಿ ರಿಟೈರಾಗಿ ಕೊಟ್ಟಿಗೆಹಾರದಲ್ಲಿದ್ದ. ಅವನನ್ನು ಕರೆಸಿದರು. ಕಬ್ಬಿಣ ಕೂರುವ ಗುಳಿಯನ್ನು ಸ್ವಲ್ಪ ಕೆತ್ತಿ, ಗಾಜಿನ ನಾರು ಬೆರೆಸಿದ ಅಂಟು ತುಂಬಿ, ಮೇಲೆ ಕಬ್ಬಿಣ ಕೂರಿಸಬೇಕು. ಅಂಟು ಅದೇ ಅಚ್ಚಿಗೆ ಕಲ್ಲಾಗುತ್ತದೆ, ಆಮೇಲೆ ಮರ ಉಬ್ಬಿದರೂ ಕೋವಿ ಅಲ್ಲಾಡದು ಎಂದ. ಸಾಮಾನನ್ನು ಚಿಕ್ಕಮಗಳೂರಿನಿಂದ ಅವನೇ ತಂದಿದ್ದ. ಆದರೆ ಕೈ ಹಾಕಲಿಲ್ಲ. ನೀವೇ ಕಲಿತುಕೊಳ್ಳಿ, ಪ್ರತಿ ಮಳೆಗೂ ನಾನು ಬರಲಾರೆ ಎಂದು ಜಗಲಿಯಲ್ಲಿ ಕಾಲು ಚಾಚಿ ಕೂತ.

ಅವನು ಮರದ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಟ್ಟ. ಇವರು ಉಳಿ ಹಿಡಿದು, ಆ ಗೆರೆಯನ್ನು ಬೆರಳಿನಿಂದ ತಡವಿ ಹುಡುಕಿದರು. ಪೆನ್ಸಿಲ್ ಗೆರೆ ಬೆರಳಿಗೆ ಸಿಗುತ್ತದೆಯೇ? ಮೈದುನ ನನ್ನ ಮುಖ ನೋಡಿದ.

"ಕೊಡಿ ಇಲ್ಲಿ, ಬಗ್ಗಿ ಕೂತ್ರೆ ನಿಮ್ಮ ಸೊಂಟಕ್ಕೆ ಆಗಲ್ಲ" ಎಂದು ಉಳಿ ತೆಗೆದುಕೊಂಡೆ. ಸೊಂಟದ ಹೆಸರು ಬಂದದ್ದರಿಂದ ಇವರು ಸುಮ್ಮನೆ ಕೊಟ್ಟರು.

ಹಾಗೆ ಆ ಕೆಲಸ ನನ್ನ ಕೈಗೆ ಬಂತು. ಗೆರೆ ದಾಟದಂತೆ ಕೆತ್ತಿದೆ. ತಿರುಪಿನ ತೂತುಗಳಿಗೆ ಜೇನುಮೇಣ ತುಂಬಿದೆ. ಅಂಟು ಕಬ್ಬಿಣವನ್ನು ಕಚ್ಚಬಾರದೆಂದರೆ ಮೊದಲು ಅದಕ್ಕೆ ಬೂಟ್ ಪಾಲಿಶ್ ಬಳಿಯಬೇಕಂತೆ. ನಮ್ಮಲ್ಲಿದ್ದದ್ದು ಗಂಬೂಟು, ಹವಾಯಿ ಚಪ್ಪಲಿ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮನೆಯಿಂದ ಡಬ್ಬಿ ತರಿಸಿದರೆ, ಯಾರ ಮದುವೆಗೆ ಹೊರಟಿದ್ದೀರಿ ಎಂದು ಅವರ ಹೆಂಡತಿ ಕೇಳಿ ಕಳಿಸಿದ್ದಳು. ಅಂಟನ್ನು ರೊಟ್ಟಿ ಹಿಟ್ಟಿಗಿಂತ ತೆಳ್ಳಗೆ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಗುಳಿಗೆ ತುಂಬಿ, ಮೇಲೆ ಕಬ್ಬಿಣ ಕೂರಿಸಿದೆ. ಗಾಜಿನ ನಾರು ತಾಗಿ ಮೊಣಕೈವರೆಗೂ ತುರಿಕೆ. ಥಂಡಿಗೆ ಅಂಟು ಗಟ್ಟಿಯಾಗದೆಂದು ಇವರು ಕೋವಿಯನ್ನು ಏಲಕ್ಕಿ ಒಣಗಿಸುವಂತೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಲು ಹೊರಟರು. ಮರ ಸೀಳಿಹೋಗುತ್ತದೆಂದು ಮೈದುನ ಬೈದು, ಬಚ್ಚಲೊಲೆಯ ಆಚೆ ಗೋಡೆಗೆ ಒರಗಿಸಿದ.

ಮರುದಿನ ಮೆಲ್ಲಗೆ ತಟ್ಟಿದಾಗ ಕಬ್ಬಿಣ ಬಿಟ್ಟುಕೊಂಡಿತು. ಒಳಗೆ ಅದರ ಅಚ್ಚು ನುಣ್ಣಗೆ ಬಿದ್ದಿತ್ತು.

"ಅತ್ತಿಗೆ, ನೀವು ಮಿಲಿಟರಿಗೆ ಸೇರ್ಬೇಕಿತ್ತು" ಎಂದ ಮೈದುನ.

"ಅಲ್ಲೂ ನಂಗೆ ಬಡಿಸೋ ಕೆಲ್ಸನೇ ಕೊಡ್ತಿದ್ರು ಮಾರಾಯ" ಎಂದೆ.

ತೋಟದ ಮೇಲಿನ ಏರಿಯ ಬುಡದಲ್ಲಿ ಒಂದು ಸಿಲ್ವರ್ ಓಕ್ ಮರಕ್ಕೆ ಕಾಗದ ಅಂಟಿಸಿ ನೋಡಿದೆವು. ಮೈದುನ ಹೊಡೆದ ಗುಂಡುಗಳು ಒಂದರ ಪಕ್ಕ ಒಂದು, ಕಾಗದದ ನಡುವೆ ಕೂತವು. ಆಮೇಲೆ ಇವರು ಹೊಡೆದರು. ಕಾಗದಕ್ಕಿರಲಿ, ಮರಕ್ಕೂ ತಾಗಲಿಲ್ಲ. ಇನ್ನೊಮ್ಮೆ ಹೊಡೆದರು. ಮರದಿಂದ ಎಷ್ಟೋ ಆಚೆ ಏರಿಯ ಮಣ್ಣು ಹಾರಿತು.

ಅಂಟು ಸರಿಯಾಗಿ ಕಚ್ಚಿಲ್ಲ, ಇನ್ನೊಂದು ಸಲ ಹಾಕಬೇಕು ಎಂದರು ಇವರು. ಮೈದುನ ಬಸ್ಸು ತಪ್ಪುತ್ತದೆಂದು ಚೀಲ ಎತ್ತಿಕೊಂಡ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸಂಜೆ ಕಾಫಿ ಕುಡಿಯುತ್ತಾ, ನಾಳೆ ಗದ್ದೆಗೆ ಕಾವಲು ಹೋಗುತ್ತೇನೆ, ಹಂದಿ ಭತ್ತವನ್ನು ಹೊರಳಿಸಿ ಹಾಕುತ್ತಿದೆ ಎಂದರು ಇವರು.

"ಕೋವಿ ಸರಿಯಾಗಿದೆ. ನಿಮ್ಗೆ ಕಣ್ಣು ಕಾಣಲ್ಲ" ಎಂದೆ.

ಲೋಟ ಕೆಳಗಿಟ್ಟರು. ಮಾವನಿಗೆ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ಬಾಳೆಲೆಯಲ್ಲಿ ಏನು ಬಡಿಸಿದೆ ಎಂದು ಕೇಳಿ ಕೇಳಿ ಉಣ್ಣುತ್ತಿದ್ದರು. ಇವರಿಗೆ ಅದೇ ಹೆದರಿಕೆ ಎಂದು ನನಗೆ ಗೊತ್ತಿತ್ತು. ಆದರೆ ನಲ್ಲಿಯ ಹತ್ತಿರ ನೀರಿಗೆ ನಿಲ್ಲುವವರು ಇವರ ಹೆದರಿಕೆಗೆ ಯಾಕೆ ಸಾಯಬೇಕು?

"ಚಿಕ್ಕಮಗಳೂರಿಗೆ ಹೋಗಿ ಕಣ್ಣಿನ ಡಾಕ್ಟ್ರಿಗೆ ತೋರ್ಸಿ."

"ಹುಟ್ಟಿದಾಗಿಂದ ಈ ಗದ್ದೆ ನೋಡಿದೀನಿ. ನಂಗೆ ಕಣ್ಣು ಮುಚ್ಚಿದ್ರೂ ಕಾಣ್ಸುತ್ತೆ" ಎಂದರು. ನಾಳೆ ಕಾವಲಿಗೆ ಹೋಗುವುದೇ ಎಂದರು.

ಕೆಲಸದವರ ಮುಂದೆ ಮನೆಯ ಗಂಡಸಿನ ಕುಂದು ಆಡುವ ರೂಢಿ ನಮ್ಮಲ್ಲಿಲ್ಲ. ನಮ್ಮ ಅತ್ತೆಯಂತೂ ಮಾವ ಕುರುಡರೆಂದು ಅವರು ತೀರಿಕೊಳ್ಳುವವರೆಗೂ ಲೈನಿನವರಿಗೆ ಹೇಳಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಅಂಗಳದಲ್ಲಿ ಹಾಜರಿ ಹಾಕುವ ಹೊತ್ತಿಗೆ ನಾನು ಜಗಲಿಯಿಂದ ಇಳಿದು ಎಲ್ಲರ ಮುಂದೆ ನಿಂತೆ. ನಮ್ಮ ಮನೆಯವರಿಗೆ ಕಣ್ಣು ಕಾಣುವುದಿಲ್ಲ, ಕೊಡಕ್ಕೆ ಗುಂಡು ಬಿದ್ದದ್ದು ಅದಕ್ಕೇ, ಅವರು ಕೋವಿ ಹಿಡಿದದ್ದು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡು ನನ್ನನ್ನು ಕೂಗಿ ಎಂದೆ. ನನ್ನ ಹಿಂದೆ ಬಾಗಿಲಲ್ಲಿ ಇವರು ನಿಂತಿದ್ದರು. ಕೇಳಿಸಿಕೊಂಡರು. ನಾನು ತಿರುಗಿ ನೋಡದೆ ಚೆಂಬು ತೆಗೆದುಕೊಂಡು ಹಾಲು ಕರೆಯಲು ಕೊಟ್ಟಿಗೆಗೆ ಹೋದೆ.